ನಡೆಸಿ ತೋರಿಸಿದ ಒಂಬತ್ತು ಹೆಜ್ಜೆ

ಗೋಥೆನ್‌ಬರ್ಗ್,
ಭಾನುವಾರ, ೨೩ ನವೆಂಬರ್ ೨೦೨೫

ಪ್ರೀತಿಯ ಊರ್ಮಿಳಾ,

ಶ್ರಾವಣಿ ಹೇಗಿದ್ದಾಳೆ? ನಾಲ್ಕನೆಯ ಕೀಮೋ ಆದ ಮೇಲೆ ವಾಂತಿ ನಿಂತಿತೇ? ಗಂಜಿಯಾದರೂ ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ಕೂದಲು ಹೋಯಿತೆಂದು ಅತ್ತಳು ಎಂದಿದ್ದೆ. ‘ನಿನ್ನ ಭಾವನ ತಲೆ ಹದಿನೈದು ವರ್ಷದಿಂದ ಬೋಳಾಗಿ ಹೊಳೆಯುತ್ತಿದೆ, ಅವನು ಒಂದು ದಿನವೂ ಅತ್ತಿಲ್ಲ’ ಎಂದು ನನ್ನ ಹೆಸರು ಹೇಳಿ ಅವಳಿಗೆ ಹೇಳು, ನಗುತ್ತಾಳೆ. ನಿನ್ನ ಸೊಂಟನೋವು ಹೇಗಿದೆ? ಮಣಿಪಾಲದಲ್ಲಿ ಆ ಬೆಂಚಿನ ಮೇಲೆಯೇ ಮಲಗುತ್ತೀಯೋ ಅಥವಾ ತಂಗಿಯ ಗಂಡ ರಾತ್ರಿ ಬದಲಿಗೆ ಬರುತ್ತಾನೋ? ಬಂದರೂ ನೀನು ಹೋಗುವವಳಲ್ಲ, ನನಗೆ ಗೊತ್ತು. ಅಲ್ಲಿಯ ನರ್ಸುಗಳೆಲ್ಲ ಈಗಾಗಲೇ ನಿನಗೆ ಹೆದರುತ್ತಿರಬೇಕು. ಪತ್ರ ಬರೆಯುವವರು ಇಷ್ಟು ಕೇಳಿ, ಇತ್ತ ನಾವೆಲ್ಲ ಕ್ಷೇಮ ಎಂದು ಒಂದು ಸಾಲು ಬರೆಯುವುದು ಪದ್ಧತಿ. ಈ ಸಲ ಆ ಸಾಲನ್ನು ನಾನು ಬರೆಯುವುದಿಲ್ಲ.

ದಿನಾ ಫೋನಿನಲ್ಲಿ ಮಾತಾಡುವ ಗಂಡ ಇದೇನು ಕಾಗದ ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಏನು ಹೇಳುತ್ತೇನೆ ಹೇಳು? ‘ಎಲ್ಲಾ ಸರಿ ಇದೆ’ ಎನ್ನುತ್ತೇನೆ. ನೀನು ‘ಸಿಂಧುವಿಗೆ ಕೊಡಿ’ ಎನ್ನುತ್ತೀ. ಅವಳೂ ಅದನ್ನೇ ಹೇಳುತ್ತಾಳೆ, ಏಕೆಂದರೆ ನಾನು ಪಕ್ಕದಲ್ಲೇ ಕೂತಿರುತ್ತೇನೆ. ಮೋಲ್ನ್‌ಡಾಲ್‌ನ ಲಾಯ್ಡ್ ಮತ್ತು ಜಾಸ್ಮಿನ್ ನಾಳೆ ಊರಿಗೆ ಹೊರಟಿದ್ದಾರೆ. ಇವತ್ತು ನಾಲ್ಕು ಗಂಟೆಗೆ ಲಾಯ್ಡ್ ಬಂದು ಇದನ್ನು ತೆಗೆದುಕೊಂಡು ಹೋಗುತ್ತಾನೆ, ಜಾಸ್ಮಿನ್ ಮಣಿಪಾಲಕ್ಕೇ ತಂದು ನಿನ್ನ ಕೈಗೆ ಕೊಡುತ್ತಾಳೆ. ಸುತ್ತಿ ಬಳಸಿ ಹೇಳುವುದು ಬೇಡ. ಸಿಂಧುವಿನ ಸಹಾಯಕ್ಕೆ ಅಸಿಸ್ಟೆಂಟ್ ಬರುವ ಗಂಟೆಗಳನ್ನು ಕಮ್ಯೂನಿನವರು, ಅದೇ ಇಲ್ಲಿಯ ನಗರಸಭೆಯವರು, ಕಡಿಮೆ ಮಾಡಿದ್ದಾರೆ. ವಾರಕ್ಕೆ ಮೂವತ್ತನಾಲ್ಕು ಇದ್ದದ್ದು ಹನ್ನೆರಡಾಗಿದೆ. ಇದು ಸೆಪ್ಟೆಂಬರಿನ ಮಾತು. ಅವಳ ಅಸಿಸ್ಟೆಂಟ್ ಅನ್ನಿಕಾ ನಮ್ಮ ಮನೆಯ ಕೆಲಸ ಬಿಟ್ಟು ಎರಡು ತಿಂಗಳಾಯಿತು. ‘ಇವತ್ತು ಅನ್ನಿಕಾ ಬಂದಿದ್ದಳಾ’ ಎಂದು ನೀನು ಕೇಳಿದಾಗಲೆಲ್ಲ ‘ಹೂಂ’ ಎಂದವನು ನಾನು. ಅಮ್ಮನಿಗೆ ಚಿಕ್ಕಮ್ಮನ ಚಿಂತೆಯೇ ಸಾಕು, ಇದನ್ನು ಈಗ ಹೇಳಬೇಡ ಎಂದು ಮಗಳ ಬಾಯಿ ಮುಚ್ಚಿಸಿದವನೂ ನಾನೇ. ಗಂಟೆ ಹೋದದ್ದೂ ನನ್ನಿಂದಲೇ. ಅದನ್ನು ಹೇಳುವುದಕ್ಕೇ ಈ ಕಾಗದ.

ಆಗಸ್ಟ್ ಹತ್ತೊಂಬತ್ತು, ಮಂಗಳವಾರ. ನೀನು ಹೋಗಿ ಐದು ವಾರವಾಗಿತ್ತು. ಸಿಂಧುವಿಗೆ ಹತ್ತೊಂಬತ್ತು ತುಂಬಿ ಶಾಲೆಯೂ ಮುಗಿದಿದ್ದರಿಂದ ಅವಳಿಗೆ ಇನ್ನು ಮುಂದೆ ಎಷ್ಟು ಸಹಾಯ ಬೇಕೆಂದು ನೋಡಲು ಕಮ್ಯೂನಿನ ಅಧಿಕಾರಿಯೊಬ್ಬಳು ಮನೆಗೆ ಬರುವವಳಿದ್ದಳು. ನೀನು ಹೊರಡುವ ಮೊದಲೇ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿ ಹೋಗಿದ್ದೆ: ‘ಒಳ್ಳೆಯ ದಿನದ ಕಥೆ ಹೇಳಬೇಡಿ. ಕೆಟ್ಟ ದಿನದ ಕಥೆ ಹೇಳಿ.’ ನಾನು ಆ ಚೀಟಿಯನ್ನು ಕಿತ್ತು ಡ್ರಾಯರಿಗೆ ಹಾಕಿದೆ, ಬಂದವಳ ಕಣ್ಣಿಗೆ ಬಿದ್ದರೆ ಚೆನ್ನಾಗಿರುವುದಿಲ್ಲ ಎಂದು. ಬರುವವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಕೂಡ ಹೊಳೆಯಲಿಲ್ಲ ನೋಡು. ಹಿಂದಿನ ದಿನವೇ ರಜೆ ಹಾಕಿ ಮನೆ ಗುಡಿಸಿ ಒರೆಸಿದೆ. ಸ್ನಾನದ ಕುರ್ಚಿಯನ್ನು ಬಾಲ್ಕನಿಗೆ ಸಾಗಿಸಿ ಮೇಲೆ ಬೆಡ್‌ಶೀಟ್ ಹೊದಿಸಿದೆ. ವಾಕರನ್ನು ಮಲಗುವ ಕೋಣೆಯ ಬಾಗಿಲ ಹಿಂದೆ ನಿಲ್ಲಿಸಿದೆ. ಕಾಲಿಗೆ ಕಟ್ಟುವ ಸ್ಪ್ಲಿಂಟ್, ಎಬ್ಬಿಸಿ ನಿಲ್ಲಿಸುವ ಬೆಲ್ಟು, ರಬ್ಬರ್ ಶೀಟು, ಎಲ್ಲವೂ ಕಪಾಟಿಗೆ ಹೋದವು. ಅವಳ ಓಟದ ಮೆಡಲುಗಳು ಮಾತ್ರ ಟಿವಿಯ ಪಕ್ಕ ಸಾಲಾಗಿ ಬಂದವು. ಮಗಳಿಗೆ ಹಸಿರು ಚೂಡಿದಾರ ಹಾಕಿಸಿದೆ. ಉಪ್ಪಿಟ್ಟು ಮಾಡಿದೆ, ನಿನ್ನ ಚಕ್ಕುಲಿ ಡಬ್ಬಿ ತೆಗೆದೆ, ಫಿಲ್ಟರ್ ಕಾಫಿ ಇಳಿಸಿದೆ. ಮನೆಗೆ ಬಂದವರ ಮುಂದೆ ಅಚ್ಚುಕಟ್ಟಾಗಿರಬೇಕು ಎಂಬುದಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಆಕೆ ಒಳ್ಳೆಯವಳು. ಚಪ್ಪಲಿ ಬಿಟ್ಟು ಒಳಗೆ ಬಂದಳು, ಕಾಫಿ ಹೊಗಳಿದಳು, ಚಕ್ಕುಲಿಯ ಹೆಸರನ್ನು ಮೂರು ಸಲ ಹೇಳಿ ಕಲಿತಳು. ಪ್ರಶ್ನೆ ಕೇಳಿದ್ದು ಸಿಂಧುವಿನ ಮುಖ ನೋಡಿ. ಉತ್ತರ ಕೊಟ್ಟದ್ದು ನಾನು. ನಮ್ಮ ಹುಡುಗಿಯ ಬಾಯಿಂದ ಒಂದು ಮಾತು ಹೊರಡಬೇಕಾದರೆ ಮೊದಲು ಗಂಟಲು, ಆಮೇಲೆ ದವಡೆ, ಆಮೇಲೆ ನಾಲಿಗೆ ಒಂದೊಂದಾಗಿ ಒಪ್ಪಬೇಕಲ್ಲ. ಅಷ್ಟು ಹೊತ್ತು ಆಕೆಯನ್ನು ಕಾಯಿಸುವುದು ನನಗೆ ಸಂಕೋಚ. ಊಟ ತಾನೇ ಮಾಡುತ್ತಾಳೆಯೇ? ಹೌದು. ಬಟ್ಟೆ ಹಾಕಿಕೊಳ್ಳುತ್ತಾಳೆಯೇ? ಹೌದು, ಗುಂಡಿ ಮಾತ್ರ ಸ್ವಲ್ಪ ನಿಧಾನ. ಟಾಯ್ಲೆಟ್ಟಿಗೆ? ಹೌದು, ತಾನೇ ಹೋಗುತ್ತಾಳೆ, ಏನೂ ತೊಂದರೆ ಇಲ್ಲ. ಆಕೆ ಪೆನ್ನು ನಿಲ್ಲಿಸಿ ಸಿಂಧುವನ್ನೇ ಮತ್ತೊಮ್ಮೆ ಕೇಳಿದಳು, ನಿಜವೇ ಎಂದು. ಸಿಂಧು ನನ್ನನ್ನು ನೋಡಿ ತಲೆ ಆಡಿಸಿದಳು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ ನಾನು? ಇಲ್ಲ. ‘ಸ್ವಲ್ಪ ನಡೆದು ತೋರ್ಸು ಮಗಾ’ ಎಂದೆ. ಅವಳು ಊಟದ ಮೇಜು ಹಿಡಿದು ಎದ್ದಳು, ಕೈ ಬಿಟ್ಟಳು, ಸೋಫಾದವರೆಗೆ ಒಂಬತ್ತು ಹೆಜ್ಜೆ ನಡೆದಳು. ವಾಕರ್ ಇಲ್ಲದೆ, ಯಾರ ಕೈಯೂ ಹಿಡಿಯದೆ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಆಕೆ ‘ಎಷ್ಟು ಜಾಣೆ’ ಎಂದು ಚಪ್ಪಾಳೆ ತಟ್ಟಿದಳು. ಊರ್ಮಿಳಾ, ಆಗ ನನಗೆ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಮಗಳು ಮೊದಲ ದರ್ಜೆಯಲ್ಲಿ ಪಾಸಾದಳು ಎಂಬ ಹಾಗೆ ಎದೆ ಉಬ್ಬಿತ್ತು. ಆಕೆ ಹೋದ ಮೇಲೆ ಸಿಂಧು ಚೂಡಿದಾರದಲ್ಲೇ ಮಲಗಿದವಳು ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ.

ಈಗ ಕೂತು ಯೋಚಿಸಿದರೆ ಅದು ಹೆಣ್ಣು ನೋಡುವ ಶಾಸ್ತ್ರವೇ. ಕುಂದಾಪುರದ ನಿನ್ನ ಸೋದರಮಾವನ ಮನೆಗೆ ನಾನು ನಿನ್ನನ್ನು ನೋಡಲು ಬಂದ ದಿನ ನಿನ್ನ ಅತ್ತೆ ಏನು ಹೇಳಿದ್ದರು ನೆನಪಿದೆಯಾ? ‘ಅಡಿಗಿ ಎಲ್ಲ ಅವಳದ್ದೇ’ ಎಂದಿದ್ದರು. ಮದುವೆಯಾಗಿ ಬಂದವಳಿಗೆ ನೀರು ಕುದಿಸಲು ಕಲಿಸಿದವನು ನಾನು. ಅಂಥ ಸುಳ್ಳಿಗೆ ನಮ್ಮಲ್ಲಿ ಯಾರೂ ಸುಳ್ಳು ಎನ್ನುವುದಿಲ್ಲ, ಮರ್ಯಾದೆ ಎನ್ನುತ್ತಾರೆ. ಏಳು ತಿಂಗಳಿಗೇ ಹುಟ್ಟಿದ ನಮ್ಮ ಮಗುವಿಗೆ ಸೆರೆಬ್ರಲ್ ಪಾಲ್ಸಿ ಎಂದು ಡಾಕ್ಟರು ಹೇಳಿದ ದಿನದಿಂದ ನಾನು ಆ ಮರ್ಯಾದೆಯನ್ನೇ ಕಾಯುತ್ತಾ ಬಂದೆ. ಊರಿನ ಮದುವೆ ಮುಂಜಿಗಳಲ್ಲಿ ಯಾರಾದರೂ ‘ಮಗು ನಡೀತದಾ’ ಎಂದರೆ ‘ನಡೀತಾಳೆ, ಸ್ವಲ್ಪ ನಿಧಾನ ಅಷ್ಟೇ’ ಎನ್ನುತ್ತಿದ್ದೆ. ಆಗ ಅವಳು ನಿನ್ನ ಸೊಂಟದ ಮೇಲೆ ಇರುತ್ತಿದ್ದಳು. ಇಲ್ಲಿಗೆ ಬಂದು ಹದಿನೈದು ವರ್ಷವಾದರೂ ಇಲ್ಲಿಯ ಯುಗಾದಿ ಕೂಟದಲ್ಲೂ ಅದೇ ಮಾತು. ಇಂಥ ಮೀಟಿಂಗುಗಳಿಗೆಲ್ಲ ನೀನೇ ಹೋಗುತ್ತಿದ್ದೆ, ಒಂದೊಂದು ಕಷ್ಟವನ್ನೂ ಬಿಡಿಸಿ ಹೇಳುತ್ತಿದ್ದೆ. ವಾಪಸು ಬರುವಾಗ ಕಾರಿನಲ್ಲಿ, ಮಗಳ ಮಾನವನ್ನು ಹರಾಜು ಹಾಕುತ್ತೀಯಾ ಎಂದು ನಾನು ಜಗಳ ತೆಗೆಯುತ್ತಿದ್ದೆ. ‘ನಮ್ಮ ಕಷ್ಟ ಕೇಳ್ಲಿಕ್ಕೇ ಅವ್ರಿಗೆ ಸಂಬಳ ಕೊಡೋದು, ನಿಮಗ್ಯಾಕೆ ನಾಚಿಕೆ?’ ಎಂದು ನೀನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ನಿನಗೆ ಅರ್ಥವಾದದ್ದು ನನಗೆ ಆಗಲಿಲ್ಲ.

ಸೆಪ್ಟೆಂಬರಿನಲ್ಲಿ ಕಾಗದ ಬಂತು. ನಾನು ಹೇಳಿದ್ದನ್ನೇ ಅಂದವಾಗಿ ಬರೆದು ಕಳಿಸಿದ್ದರು. ಊಟ, ಬಟ್ಟೆ, ಟಾಯ್ಲೆಟ್ಟು ಸ್ವಂತವಾಗಿ ಮಾಡಿಕೊಳ್ಳುತ್ತಾಳೆ, ಮನೆಯೊಳಗೆ ಆಧಾರವಿಲ್ಲದೆ ನಡೆಯುತ್ತಾಳೆ, ಕ್ರೀಡಾಪಟು. ಅವರನ್ನು ಬೈಯುವುದಕ್ಕೆ ನನ್ನ ಬಳಿ ಏನೂ ಇಲ್ಲ. ಕಂಡದ್ದನ್ನು ಬರೆದರು, ಕೇಳಿದ್ದನ್ನು ನಂಬಿದರು. ಹನ್ನೆರಡು ಗಂಟೆಯೆಂದರೆ ದಿನಾ ಬೆಳಿಗ್ಗೆ ಒಂದೂಮುಕ್ಕಾಲು ಗಂಟೆ ಯಾರೋ ಬಂದು ಎಬ್ಬಿಸಿ ಸ್ನಾನ ಮಾಡಿಸಿ ಹೋಗುವುದು, ಅಷ್ಟೇ. ಅಷ್ಟಕ್ಕೆ ಅನ್ನಿಕಾ ಉಳಿಯುವುದು ಹೇಗೆ? ಅವಳಿಗೂ ಎರಡು ಮಕ್ಕಳಿದ್ದಾರೆ. ಹೋಗುವ ದಿನ ಸಿಂಧುವಿನ ಓಟದ ಶೂಗಳನ್ನು ತೊಳೆದು ಒಣಗಿಸಿ ಇಟ್ಟು, ಅಡುಗೆಮನೆಯಲ್ಲಿ ನಿಂತು ಅತ್ತಳು. ಕಾಗದ ಸಿಕ್ಕ ಮೂರು ವಾರದೊಳಗೆ ಮೇಲ್ಮನವಿ ಹಾಕಬಹುದಿತ್ತು. ಹಾಕಬೇಕಾದರೆ ನಾನು ಹೇಳಿದ್ದು ಸುಳ್ಳೆಂದು ಬರೆಯಬೇಕು. ಆ ಮೂರು ವಾರ ನಾನು ಲಿಂಡ್‌ಹೋಲ್ಮೆನ್‌ನ ಆಫೀಸಿನಲ್ಲಿ ಕೂತು, ಯಾವುದೋ ಕಾರಿನ ಬ್ರೇಕು ಯಾವಾಗ ಹಿಡಿಯಬೇಕೆಂಬ ಪ್ರೋಗ್ರಾಮನ್ನು ತಿದ್ದುತ್ತಾ ಕಳೆದೆ.

ಹೋದರೆ ಹೋಗಲಿ, ಓಟ ತಾನೇ, ವಾರಕ್ಕೆ ನಾಲ್ಕು ದಿನದ ಬದಲು ಶನಿವಾರ ಒಂದು ದಿನ ನಾನೇ ಕರೆದುಕೊಂಡು ಹೋಗುತ್ತೇನೆ ಎಂದುಕೊಂಡೆ, ಅದೂ ನಡೆಯಲಿಲ್ಲ. ಅವಳು ಓಡುವ ಗಾಡಿ ಏನು, ಸೈಕಲ್ಲಾ ಎಂದು ಶ್ರಾವಣಿ ಕೇಳಿದ್ದಳಲ್ಲ, ಅವಳಿಗೆ ಹೇಳು. ಮೂರು ಚಕ್ರ ಇರುತ್ತವೆ, ಪೆಡಲ್ ಇರುವುದಿಲ್ಲ. ಸೀಟಿನ ಮೇಲೆ ಕೂತು, ಎದೆಯನ್ನು ಮುಂದಿನ ಹಲಗೆಗೆ ಒರಗಿಸಿ, ಎರಡು ಕಾಲಿನಿಂದಲೂ ನೆಲವನ್ನು ಒದೆಯುತ್ತಾ ಓಡುವುದು. ಬೀಳುವ ಭಯವಿಲ್ಲ. ಅದರ ಮೇಲೆ ನಮ್ಮ ಸಿಂಧು ಓಡುವಾಗ ನಾನು ಹಿಂದೆ ಓಡಿ ಹಿಡಿಯಲಾರೆ. ಎರಡು ವರ್ಷ ಅನ್ನಿಕಾ ಅವಳನ್ನು ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಎಂದು ಓಟದ ಹಾಲ್‌ಗೆ ಕರೆದೊಯ್ದಳು. ನಾನು ಅದನ್ನು ಮೆಡಲಿನ ವಿಷಯ ಎಂದುಕೊಂಡಿದ್ದೆ, ಮಕ್ಕಳನ್ನು ಭರತನಾಟ್ಯಕ್ಕೆ ಸೇರಿಸಿದ ಹಾಗೆ. ಅವಳು ಟಾಯ್ಲೆಟ್ಟಿನ ಕಂಬಿ ಹಿಡಿದು ತಾನೇ ಎದ್ದು ನಿಲ್ಲುತ್ತಿದ್ದದ್ದು ಆ ಓಟದಿಂದ ಬಂದ ಬಲ ಎಂದು ನನ್ನ ಇಂಜಿನಿಯರಿಂಗ್ ಬುದ್ಧಿಗೆ ತೋಚಲಿಲ್ಲ. ಆಗಸ್ಟಿನಲ್ಲಿ ನಾನು ಹೌದು ಎಂದದ್ದರಲ್ಲಿ ನಾಲ್ಕಾಣೆಯಷ್ಟು ನಿಜವಿತ್ತು, ಒಳ್ಳೆಯ ದಿನಗಳಲ್ಲಿ ಅವಳು ಹೇಗೋ ಮಾಡಿಕೊಳ್ಳುತ್ತಿದ್ದಳು. ಗಂಟೆ ಹೋಯಿತು, ಗಂಟೆಯ ಜೊತೆ ಓಟ ಹೋಯಿತು, ಓಟದ ಜೊತೆ ಆ ನಾಲ್ಕಾಣೆಯೂ ಹೋಯಿತು. ಅಕ್ಟೋಬರ್ ಹೊತ್ತಿಗೆ ಅವಳ ಮಂಡಿ ನೇರವಾಗಿ ಚಾಚುತ್ತಿರಲಿಲ್ಲ. ಬೆಳಿಗ್ಗೆ ಬರುವ ಹುಡುಗಿಯರು ವಾರಕ್ಕೊಬ್ಬರು ಹೊಸಬರು, ಕಾಲು ಎಳೆದು ಸಡಿಲಿಸಲು ಅವರಿಗೆ ಸಮಯವಿಲ್ಲ. ಒಂದು ದಿನ ಮೊಣಕೈ ಮೇಲೆ ದೊಡ್ಡ ನೀಲಿ ಗುರುತು ಕಂಡಿತು. ‘ಬಿದ್ದೆಯಾ’ ಎಂದೆ. ‘ಇಲ್ಲ ಅಪ್ಪ, ಬಾಗಿಲು ತಾಗಿತು’ ಎಂದಳು. ನನ್ನ ಮಗಳೇ ಅಲ್ಲವೇ, ನಂಬುವ ಹಾಗೆ ಹೇಳಿದಳು.

ಮೊನ್ನೆ ಗುರುವಾರ ಕಾರ್ಲ್‌ಸ್ಟಾಡ್‌ಗೆ ಹೋಗಿದ್ದೆವು. ಸೆರೆಬ್ರಲ್ ಪಾಲ್ಸಿ ಇರುವ ಓಟಗಾರರ ದೇಹಬಲದ ಬಗ್ಗೆ ಅಲ್ಲಿ ಮಾರ್ಗರೇತಾ ಅಧ್ಯಯನ ಮಾಡುತ್ತಿದ್ದಾಳಲ್ಲ, ಮೇ ತಿಂಗಳಲ್ಲಿ ನೀನೇ ಕರೆದುಕೊಂಡು ಹೋಗಿದ್ದೆ. ಅದರ ಎರಡನೆಯ ಪರೀಕ್ಷೆ. ರೈಲಿನಲ್ಲಿ ಸಿಂಧು ಕಿಟಕಿಯ ಹೊರಗಿನ ಹಿಮ ನೋಡುತ್ತಿದ್ದಳು. ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ, ಎದೆಗೆ ಪಟ್ಟಿ ಕಟ್ಟಿ, ಒಳಾಂಗಣದ ಟ್ರ್ಯಾಕ್ ಮೇಲೆ ಆರು ನಿಮಿಷ ಓಡಿಸಿದರು. ಮೇ ತಿಂಗಳಲ್ಲಿ ಏಳುನೂರ ತೊಂಬತ್ತು ಮೀಟರ್ ಓಡಿದ್ದಳು, ನೀನು ಫೋನಿನಲ್ಲಿ ಕಿರುಚಿದ್ದು ಆಫೀಸಿನವರಿಗೆಲ್ಲ ಕೇಳಿಸಿತ್ತು. ಈ ಸಲ ನಾಲ್ಕನೆಯ ನಿಮಿಷಕ್ಕೆ ನಿಂತಳು. ಬಲಗಾಲು ಸೆಟೆದುಕೊಂಡು ನೆಲಕ್ಕೆ ಊರಲಿಲ್ಲ. ಸಾಕು ಎಂದರೆ ಕೇಳಲಿಲ್ಲ, ಒಂದೇ ಕಾಲಿನಿಂದ ಒದೆಯುತ್ತಾ ಹೊರಟಳು. ನಾನೂರ ಅರವತ್ತು. ಮಾಸ್ಕ್ ತೆಗೆದಾಗ ತುಟಿ ಒಡೆದು ಬಿಳಿಯಾಗಿತ್ತು. ನೀರು ಸರಿಯಾಗಿ ಕುಡಿಯುತ್ತೀಯಾ ಎಂದು ಮಾರ್ಗರೇತಾ ಕೇಳಿದ್ದಕ್ಕೆ ಹೌದು ಎಂದಳು. ಆಮೇಲೆ ಮಾರ್ಗರೇತಾ ನನ್ನನ್ನು ಪಕ್ಕದ ಕೋಣೆಗೆ ಕರೆದು ಕೂರಿಸಿ ಹೇಳಿದಳು. ನಡೆಯಲು ನಮಗೆ ಬೇಕಾಗುವ ಶಕ್ತಿಯ ಎರಡು ಮೂರು ಪಟ್ಟು ಇವರಿಗೆ ಬೇಕಂತೆ. ಇವರ ಸ್ನಾಯು ಬೆಳೆಯುವುದು ನಿಧಾನ, ಕರಗುವುದು ಬೇಗ. ಕಾಯಿಲೆ ಏನೂ ಹೊಸದಾಗಿ ಬಂದಿಲ್ಲ, ಇವಳನ್ನು ಯಾರೂ ಓಡಿಸಿಲ್ಲ ಅಷ್ಟೇ ಎಂದಳು. ಹೋದದ್ದೆಲ್ಲ ತಿರುಗಿ ಬರುತ್ತದೆಯೇ ಎಂದು ಕೇಳಿದೆ. ಬಲ ಸ್ವಲ್ಪ ಬರಬಹುದು, ಮಂಡಿಯ ವಿಷಯ ಹೇಳಲಾರೆ ಎಂದಳು. ಶುಕ್ರವಾರ ಕೋಚ್ ಫೋನ್ ಮಾಡಿ, ಬೇಸಿಗೆಯ ತಂಡದಲ್ಲಿ ಅವಳ ಹೆಸರಿಲ್ಲ ಎಂದೂ ತಿಳಿಸಿದ. ಸಿಂಧು ‘ಸರಿ’ ಎಂದು ಹೇಳಿ, ಶೂಗಳನ್ನು ಚೀಲಕ್ಕೆ ಹಾಕಿ ಕಪಾಟಿನಲ್ಲಿ ಇಡು ಎಂದಳು. ಅವಳು ಅಳಲಿಲ್ಲ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಹಾಗೆ, ಅದೇ ದಿನ ಕಮ್ಯೂನಿಗೆ ಫೋನ್ ಮಾಡಿದೆ. ಹೊಸದಾಗಿ ಅರ್ಜಿ ಹಾಕಬಹುದು, ಡಿಸೆಂಬರ್ ಒಂಬತ್ತಕ್ಕೆ ಮತ್ತೆ ಬರುತ್ತೇವೆ, ಅದಕ್ಕೆ ಮೊದಲು ಅವಳ ಒಂದು ದಿನ ಹೇಗಿರುತ್ತದೆ ಎಂದು ಏಳುವುದರಿಂದ ಮಲಗುವವರೆಗೆ ಬರೆದು ಕಳಿಸಿ ಎಂದರು. ನಿನ್ನೆ ಮಧ್ಯಾಹ್ನ ಊಟದ ಮೇಜಿನಲ್ಲಿ ಬರೆಯಲು ಕೂತೆ. ‘ಸಿಂಧೂರ ಬಹಳ ಧೈರ್ಯವಂತ ಹುಡುಗಿ’ ಎಂದು ಅವಳ ಪೂರ್ತಿ ಹೆಸರು ಹಾಕಿ ಮೊದಲ ಸಾಲು ಬರೆದೆ. ಸಿಂಧು ಪಕ್ಕದಿಂದ ಓದಿ ನಕ್ಕಳು. ‘ನಾನು ಹೇಳ್ತೀನಿ, ನೀನು ಬರಿ. ಮಧ್ಯೆ ಮಾತಾಡ್ಬೇಡ’ ಎಂದಳು. ಅವಳು ಸ್ವೀಡಿಷ್‌ನಲ್ಲಿ ಒಂದೊಂದೇ ಪದ ಹೊರತೆಗೆದು ಹೇಳಿದಳು, ನಾನು ಬರೆದೆ. ಮುಗಿಯಲು ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತು ಅವಳ ಮಾತಿಗೆ ಕಾದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಬೆಳಿಗ್ಗೆ ಐದಕ್ಕೇ ಎಚ್ಚರವಾಗಿರುತ್ತದಂತೆ, ಕಾಲು ಸೆಳೆತ, ಮಗ್ಗುಲಾಗಲು ಬರುವುದಿಲ್ಲ, ಅಪ್ಪನ ಅಲಾರಂ ಹೊಡೆಯುವವರೆಗೆ ಸೀಲಿಂಗ್ ನೋಡುತ್ತಾ ಮಲಗಿರುತ್ತಾಳಂತೆ. ಅಕ್ಟೋಬರ್ ಹದಿನಾಲ್ಕರಂದು ಟಾಯ್ಲೆಟ್ಟಿನಲ್ಲಿ ಬಿದ್ದು ಒಂದೂವರೆ ಗಂಟೆ ನೆಲದ ಮೇಲೇ ಇದ್ದಳಂತೆ. ಫೋನು ಅಡುಗೆಮನೆಯಲ್ಲಿತ್ತು. ಅವತ್ತಿನಿಂದ ಬೆಳಿಗ್ಗೆ ಎಂಟಕ್ಕೆ ಅರ್ಧ ಲೋಟ ನೀರು ಕುಡಿದರೆ ಸಂಜೆ ನಾನು ಬರುವವರೆಗೆ ಮತ್ತೆ ಕುಡಿಯುವುದಿಲ್ಲವಂತೆ. ಕುಡಿದರೆ ಹೋಗಬೇಕಲ್ಲ.

ದಿನಾ ಆಫೀಸಿಗೆ ಹೊರಡುವಾಗ ನಾನೇ ನೀರಿನ ಬಾಟಲಿ ತುಂಬಿಸಿ, ಮುಚ್ಚಳ ಸಡಿಲಿಸಿ, ಅವಳ ಕೈಗೆ ಎಟುಕುವಂತೆ ಇಟ್ಟು ಹೋಗುತ್ತೇನೆ. ಸಂಜೆ ಬಂದರೆ ಖಾಲಿಯಾಗಿರುತ್ತಿತ್ತು. ಕಿಟಕಿಯ ಬಳಿಯ ತುಳಸಿ ಕುಂಡಕ್ಕೆ ಸುರಿಯುತ್ತಿದ್ದಳಂತೆ. ತುಳಸಿ ಬೇರು ಕೊಳೆತು ಸತ್ತದ್ದನ್ನು ನಾನು ಇಲ್ಲಿಯ ಚಳಿಯ ಮೇಲೆ ಹಾಕಿದ್ದೆ. ಓಡುವ ಹುಡುಗಿ, ಊರ್ಮಿಳಾ. ದಿನಕ್ಕೆ ಎರಡು ಲೀಟರ್ ಕುಡಿಯಬೇಕೆಂದು ಕೋಚ್ ಹೇಳಿ ಕಳಿಸುತ್ತಿದ್ದ ಹುಡುಗಿ, ಒಂಬತ್ತು ಗಂಟೆ ಒಣ ಬಾಯಲ್ಲಿ ಕೂತಿರುತ್ತಿದ್ದಳು. ಹಾಗೆಯೇ ಬಂದು ಆ ಟ್ರ್ಯಾಕಿನ ಮೇಲೆ ಆರು ನಿಮಿಷ ಓಡಿದಳು. ಮಧ್ಯೆ ಮಾತಾಡಬಾರದು ಎಂದಿದ್ದರೂ ನನ್ನಿಂದ ತಡೆಯಲಾಗಲಿಲ್ಲ. ‘ಯಾಕೆ ಮಗಾ ನಂಗೆ ಹೇಳ್ಲಿಲ್ಲ?’ ಎಂದು ಕೇಳಿದೆ. ಅವಳು ಸ್ವೀಡಿಷ್ ಬಿಟ್ಟು ಕನ್ನಡಕ್ಕೆ ಬಂದಳು. ‘ಅವ್ರು ಕೇಳಿದಾಗ ನೀನು ಹೌದು ಅಂದ್ಯಲ್ಲ ಅಪ್ಪ. ಆಮೇಲೆ ನಾನು ಇಲ್ಲ ಅಂದ್ರೆ ನೀನು ಸುಳ್ಳು ಹೇಳ್ದಂಗೆ ಆಗ್ತಿತ್ತು.’ ಇಷ್ಟೇ ಹೇಳಿ, ಮುಂದಿನ ಸಾಲು ಬರಿ ಎಂದಳು. ನಾನು ಬರೆದೆ.

ಇವತ್ತು ಬೆಳಿಗ್ಗೆಯಿಂದ ಅವಳು ಚೆನ್ನಾಗಿ ನೀರು ಕುಡಿದಿದ್ದಾಳೆ. ಇನ್ನು ಮೂರು ವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ, ಆಫೀಸಿನಲ್ಲಿ ಕಾರಣ ಕೇಳಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಾಯಿಂದ ಹೊರಡಲು ಕಷ್ಟವಾಯಿತು. ನೀನು ಈಗಲೇ ಟಿಕೆಟ್ ಬುಕ್ ಮಾಡುತ್ತೇನೆ ಎಂದು ಹಟ ಹಿಡಿಯಬೇಡ. ಶ್ರಾವಣಿಗೆ ಇನ್ನೂ ಎರಡು ಕೀಮೋ ಬಾಕಿ ಇದೆ, ಹಗಲೂ ರಾತ್ರಿ ಅವಳ ಪಕ್ಕ ಇರಲು ನೀನಲ್ಲದೆ ಯಾರಿದ್ದಾರೆ? ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಬರಬೇಕಾದದ್ದೇ. ಫೋನ್ ಮಾಡಿ ಬೈ. ಆದರೆ ಸಿಂಧು ಎದುರಿಗಿರುವಾಗ ಬೈಯಬೇಡ, ಅವಳು ನನ್ನ ಪರ ವಹಿಸಿ ಮಾತಾಡುತ್ತಾಳೆ, ಅದನ್ನು ನನಗೆ ಕೇಳಲಾಗುವುದಿಲ್ಲ. ಇಷ್ಟು ವರ್ಷ ಕಾರಿನಲ್ಲಿ ನಿನ್ನ ಜೊತೆ ಆಡಿದ ಜಗಳಗಳಿಗೆಲ್ಲ ಒಟ್ಟಿಗೇ ಇಲ್ಲಿ ಸೋತಿದ್ದೇನೆ ಎಂದು ತಿಳಿದುಕೋ.

ಶ್ರಾವಣಿಗೆ ನನ್ನ ಆಶೀರ್ವಾದ ಹೇಳು, ಬೇಗ ಎದ್ದು ಓಡಾಡುವಂತಾಗಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ಜಾಸ್ಮಿನ್ ಕೈಯಲ್ಲಿ ನಿನಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಸಿಂಧು ಆರಿಸಿದ ಬಣ್ಣ.

ಸುಳ್ಳು ಹೇಳಿ ಸಿಕ್ಕಿಬಿದ್ದ, ಆದರೂ ನಿನ್ನವನೇ ಆದ,
ಯೋಗೀಶ

ಮರೆತ ಮಾತು: ಲಾಯ್ಡ್ ಬಂದು ಬಾಗಿಲಲ್ಲೇ ನಿಂತಿದ್ದಾನೆ, ಕಾರನ್ನು ರಸ್ತೆಯಲ್ಲೇ ಬಿಟ್ಟು ಬಂದಿದ್ದಾನಂತೆ. ಮರೆತದ್ದೇನಲ್ಲ, ಬರೆಯಲು ಕೈ ಬಂದಿರಲಿಲ್ಲ. ಡಿಸೆಂಬರ್ ಒಂಬತ್ತು, ಮಂಗಳವಾರ, ಇಲ್ಲಿ ಬೆಳಿಗ್ಗೆ ಹತ್ತು, ನಿನಗೆ ಮಧ್ಯಾಹ್ನ ಎರಡೂವರೆ. ಆ ಹೊತ್ತಿಗೆ ನೀನು ವೀಡಿಯೋ ಕಾಲ್‌ನಲ್ಲಿ ಸಿಂಧುವಿನ ಜೊತೆ ಇರಬೇಕು. ನಾನು ಮನೆಯಲ್ಲಿ ಇರುವುದಿಲ್ಲ. ಇರಬೇಡ ಎಂದು ಅವಳೇ ಕೇಳಿಕೊಂಡಿದ್ದಾಳೆ. ‘ನೀನು ನೋಡ್ತಾ ಇದ್ರೆ ನಾನು ಮತ್ತೆ ಎದ್ದು ನಡೀತೀನಿ ಅಪ್ಪ’ ಎಂದಳು. ನಾನು ಒಪ್ಪಿದ್ದೇನೆ. ಅವಳಿಗೆ ಆಗದ್ದನ್ನೆಲ್ಲ ಒಂದೂ ಬಿಡದೆ ಹೇಳು. ನಾನು ಕೆಳಗೆ ಟ್ರಾಮ್ ಸ್ಟಾಪಿನಲ್ಲಿ ಕೂತಿರುತ್ತೇನೆ, ಮುಗಿದ ಮೇಲೆ ಅವಳು ಕರೆದರೆ ಮೇಲೆ ಬರುತ್ತೇನೆ.